ಜ್ಞ ಎಲ್ಲಿ ನಿಲ್ಲಬೇಕು?

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಗುಣ. ಸಾರಿಗೆ ಉಪ್ಪು ಜಾಸ್ತಿ ಎನ್ನುವ ಗಂಡ, ಗೃಹಪ್ರವೇಶಕ್ಕೆ ಬಂದು ಬಚ್ಚಲಿನ ಇಳಿಜಾರು ಸರಿಯಿಲ್ಲ ಎನ್ನುವ ನೆಂಟ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಡ್ರೈವರಿಗೆ ಬ್ರೇಕು ಹಾಕುವುದನ್ನು ಹೇಳಿಕೊಡುವ ಪ್ರಯಾಣಿಕ, ಇವರೆಲ್ಲ ಈ ಸೇವೆಯನ್ನು ಪುಕ್ಕಟೆಯಾಗಿ ಮಾಡುತ್ತಾರೆ. ನನಗೆ ಮಾತ್ರ ಅದಕ್ಕೆ ಸಂಬಳ ಬರುತ್ತಿತ್ತು. ರಾಜಾಜಿನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಅದರಲ್ಲಿ ನಾನು ಟೆಸ್ಟರ್. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಎಲ್ಲಿ ಹುಳುಕಿದೆ ಎಂದು ಕೆದಕಿ ನೋಡುವವನು. ಮದುವೆಯ ಮಾತುಕತೆಯ ಹೊತ್ತಿನಲ್ಲಿ ನಮ್ಮತ್ತೆಯವರಿಗೆ ಇದನ್ನು ವಿವರಿಸಿದಾಗ ಅವರು ಗಲ್ಲಕ್ಕೆ ಕೈಯಿಟ್ಟುಕೊಂಡು, "ತಪ್ಪು ಹುಡುಕೋದಕ್ಕೆ ಸಂಬಳಾನೂ ಕೊಡ್ತಾರಾ? ಅಯ್ಯೋ ಶಿವನೇ, ನಾನು ಇಷ್ಟು ವರ್ಷ ಮನೇಲಿ ಬಿಟ್ಟಿ ಮಾಡ್ತಾ ಬಂದೆನಲ್ಲ!" ಎಂದಿದ್ದರು. ಹುಡುಗ ಪರವಾಗಿಲ್ಲ, ನಮ್ಮ ಪೈಕಿಯೇ ಎಂದು ಅವರಿಗೆ ಅನ್ನಿಸಿದ್ದು ಆಗಲೇ ಇರಬೇಕು.

ನಮ್ಮತ್ತೆಯ ಹೆಸರು ಜ್ಞಾನಾಂಬ. ಬಸವೇಶ್ವರನಗರದಲ್ಲಿ ಮನೆ. ಅಲ್ಲಿಯ ಮಹಿಳಾ ಸಮಾಜ ಹುಟ್ಟಿದಾಗಿನಿಂದ ಅದರ ಸದಸ್ಯೆ. ಸಮಾಜದ ಯಾವ ಕಾರ್ಯಕ್ರಮವಿರಲಿ, ಬಾಗಿಲಿಗೆ ರಂಗೋಲಿ ಹಾಕುವವರು ಅವರು, ತಾಂಬೂಲದ ಚೀಲ ಕಟ್ಟುವವರು ಅವರು, ಎಲ್ಲರೂ ಹೊರಟ ಮೇಲೆ ಮೈಕಿನವನಿಗೆ ಕಾಫಿ ಕೊಟ್ಟು ಬೀಗ ಹಾಕುವವರೂ ಅವರೇ. ವೇದಿಕೆಯ ಮೇಲೆ ಕುರ್ಚಿ ಹಾಕಿಸುತ್ತಿದ್ದರೇ ಹೊರತು ಅದರಲ್ಲಿ ಒಮ್ಮೆಯೂ ಕೂತವರಲ್ಲ. "ಒಂದೇ ಒಂದ್ಸಲ ಆ ಕುರ್ಚಿ ಮೇಲೆ ಕೂತು, ಮೇಲಿಂದ ಹಾಲ್ ಹೆಂಗೆ ಕಾಣತ್ತೆ ಅಂತ ನೋಡ್ಬೇಕು ಕಣೇ" ಎಂದು ಮಗಳ ಹತ್ತಿರ, ಅಂದರೆ ನನ್ನ ಹೆಂಡತಿ ಗಿರಿಜಾಳ ಹತ್ತಿರ ಹೇಳಿಕೊಂಡಿದ್ದರಂತೆ. ನಗುತ್ತಲೇ ಹೇಳಿದರಂತೆ, ಆದರೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರಂತೆ. ಆ ವರ್ಷ ಅವರು ಅಧ್ಯಕ್ಷ ಸ್ಥಾನಕ್ಕೆ ಚುನಾವಣೆಗೆ ನಿಂತೇಬಿಟ್ಟರು.

ಕಣದಲ್ಲಿ ಮೂವರು. ನಮ್ಮತ್ತೆ, ಲಲಿತಮ್ಮ, ಮತ್ತು ಹೇಮಾವತಿ. ಲಲಿತಮ್ಮನವರು ಸುಮ್ಮನೆ ನಿಂತವರು, ಯಾರ ಮೇಲೋ ಸಿಟ್ಟಿಗೆ. ನಿಜವಾದ ಪೈಪೋಟಿ ಹೇಮಾವತಿಯವರದು. ನಮ್ಮತ್ತೆಯೂ ಅವರೂ ಹಪ್ಪಳ ಒತ್ತುವುದರಿಂದ ಹಿಡಿದು ಮೊಮ್ಮಕ್ಕಳ ಮಾರ್ಕ್ಸಿನವರೆಗೆ ಸರಿಸಮಾನರು. ಇನ್ನು ಗ್ರಹಚಾರ ನೋಡಿ, ಸಮಾಜದ ಸದಸ್ಯರ ಪಟ್ಟಿ, ನೋಟೀಸು, ಮತಪತ್ರ ಎಲ್ಲವನ್ನೂ ಕನ್ನಡದಲ್ಲಿ ಅಚ್ಚು ಹಾಕಿಕೊಡುವ ಸಾಫ್ಟ್‌ವೇರ್ ನಮ್ಮ ಕಂಪನಿಯದೇ. ಇಂಥ ಸಂಘ ಸಮಾಜಗಳೇ ನಮ್ಮ ಗಿರಾಕಿಗಳು. ಅದು ಸರಿಯಾಗಿದೆ ಎಂದು ಮುದ್ರೆ ಒತ್ತಬೇಕಾದವನು ನಾನು. ನಮ್ಮ ಮಾಲೀಕರು ದಾವಣಗೆರೆ ಕಡೆಯ ಶಿವಶಂಕರಪ್ಪನವರು. ಅಭ್ಯರ್ಥಿ ನನ್ನ ಅತ್ತೆ ಎಂದು ಅವರಿಗೆ ಮೊದಲೇ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಭಾಳ ಚಲೋ ಆತು. ತಪ್ಪಾದ್ರೆ ಆಫೀಸಲ್ಲೂ ಬೈತೀವಿ, ಮನೇಲೂ ಬೈತಾರೆ. ನೀವು ಹುಷಾರಾಗೇ ಇರ್ತೀರಿ ಬಿಡ್ರಿ" ಎಂದರು.

ಆಗಿನ ಕಾಲದ ಕನ್ನಡ ಫಾಂಟುಗಳ ಅವಸ್ಥೆ ನೆನಪಿದ್ದವರಿಗೆ ಗೊತ್ತು. ಪರದೆಯ ಮೇಲೆ ಅಕ್ಷರವೇನೋ ಮುದ್ದಾಗಿ ಕಾಣುತ್ತಿತ್ತು, ಆದರೆ ಅ ಮೊದಲೋ ಹ ಮೊದಲೋ ಎನ್ನುವುದು ಕಂಪ್ಯೂಟರಿಗೆ ಒಂದಿಷ್ಟೂ ತಿಳಿಯದು. ಕೂಡಿಸಿ ಓದಲು ಬಾರದ ಮಗುವಿಗೆ ಹೇಳಿಕೊಟ್ಟ ಹಾಗೆ ನಾವೇ ಕ್ರಮ ಹೇಳಿಕೊಡಬೇಕು. ಹೇಳಿಕೊಟ್ಟವನು ನಮ್ಮ ಪ್ರೋಗ್ರಾಮರ್ ಈರಣ್ಣ. ಗದಗ ಕಡೆಯ ಹುಡುಗ, ಬಾಪೂಜಿನಗರದಲ್ಲಿ ರೂಮು, ಕೆಲಸದಲ್ಲಿ ಚುರುಕು. ಅವನು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮು ಬರೆದ. ಅದನ್ನು ಪರೀಕ್ಷಿಸುವುದಕ್ಕೆ ನಾನು ಇನ್ನೊಂದು ಪ್ರೋಗ್ರಾಮು ಬರೆದೆ. ನನ್ನದರ ಕೆಲಸ ಹೆಸರುಗಳ ಗುಂಪುಗಳನ್ನು ತಾನೇ ಹುಟ್ಟಿಸುವುದು. ಒಂದು ಗುಂಪಿನಲ್ಲಿ ಒಂದು ಹೆಸರು ಒಂದೇ ಸಲ ಇರಬೇಕು, ಮತ್ತೆ ಅದೇ ಹೆಸರು ಬಂದರೆ ಬಾಗಿಲಲ್ಲೇ ತಡೆದು ವಾಪಸ್ ಕಳಿಸಬೇಕು. ಒಳಗೆ ಬಂದವರೆಲ್ಲ ಅವರವರ ಜಾಗದಲ್ಲಿ ಸಾಲಾಗಿ ನಿಂತಿರಬೇಕು. ನಮ್ಮ ಕಸುಬಿನವರು ಇದಕ್ಕೆ ಸಾರ್ಟೆಡ್ ಸೆಟ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಈ ಸಾಲನ್ನು ಚೆನ್ನಾಗಿ ಕಲಸಿ ಈರಣ್ಣನ ಪ್ರೋಗ್ರಾಮಿಗೆ ಕೊಡುವುದು, ಅದು ಮತ್ತೆ ನನ್ನ ಸಾಲಿನ ಹಾಗೇ ಜೋಡಿಸಿ ಕೊಟ್ಟರೆ ಹಸಿರು ಗೆರೆ, ಇಲ್ಲವಾದರೆ ಕೆಂಪು ಗೆರೆ. ಯಂತ್ರವೇ ಪ್ರಶ್ನೆಪತ್ರಿಕೆ ತಯಾರಿಸಿ, ಯಂತ್ರವೇ ಉತ್ತರ ಬರೆದು, ಯಂತ್ರವೇ ಮಾರ್ಕ್ಸ್ ಹಾಕುವ ವ್ಯವಸ್ಥೆ. ನಡುವೆ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಕಾಫಿ.

ಮೊದಲ ದಿನದಿಂದಲೇ ಎಲ್ಲವೂ ಹಸಿರು. ಇಂಥ ಹಸಿರನ್ನು ನಾನು ಊಟಿಯಲ್ಲೂ ನೋಡಿರಲಿಲ್ಲ. ನನಗೆ ಕೋಡು ಮೂಡಿತು. ಅಭ್ಯರ್ಥಿಗಳ ಪಟ್ಟಿ ಅಚ್ಚಾಗಿ ಸಮಾಜದ ನೋಟೀಸ್ ಬೋರ್ಡಿಗೂ ಏರಿತು: ಲಲಿತಮ್ಮ, ಹೇಮಾವತಿ, ಜ್ಞಾನಾಂಬ. ನಮ್ಮತ್ತೆ ಕೊನೆಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ನಮ್ಮತ್ತೆ ಅದನ್ನೇ ಬಂಡವಾಳ ಮಾಡಿಕೊಂಡರು. ಸದಸ್ಯರಲ್ಲಿ ಅರ್ಧದಷ್ಟು ಜನ ಕನ್ನಡಕ ಮರೆತು ಬರುವ ವಯಸ್ಸಿನವರು. ಅವರಿಗೆಂದೇ ಒಂದು ಘೋಷಣೆ ಕಟ್ಟಿದರು: "ಊಟದ ಕೊನೇಲಿ ಮಜ್ಜಿಗೆ, ಮತಪತ್ರದ ಕೊನೇಲಿ ಜ್ಞಾನಾಂಬ!" ಮನೆಮನೆಗೆ ಹೋಗಿ, ಕುಂಕುಮ ಇಡಿಸಿಕೊಂಡು, ಇದನ್ನು ಹೇಳಿ ಬರುತ್ತಿದ್ದರು. ಫೋನೆತ್ತಿದರೂ ಹಲೋ ಬದಲು ಮಜ್ಜಿಗೆ. ನಮ್ಮನೆಗೆ ಬಂದರೆ ಗಿರಿಜಾಳಿಗೂ ಅದೇ ಪಾಠ, ಅವಳೂ ಸದಸ್ಯೆ ತಾನೆ. ತರಕಾರಿ ಹೆಚ್ಚುತ್ತಾ ಗಿರಿಜಾ ಅದನ್ನೇ ಗುನುಗುತ್ತಿದ್ದಳು. ನಾನೂ ಒಂದು ದಿನ ಸ್ನಾನ ಮಾಡುತ್ತಾ ಮಜ್ಜಿಗೆ ಜ್ಞಾನಾಂಬ ಎಂದು ಹಾಡಿಕೊಂಡಿದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ಸಮಾಜದ ಕಾರ್ಯದರ್ಶಿಯವರು ನಮ್ಮ ಆಫೀಸಿಗೆ ಬಂದರು. ಪರೀಕ್ಷೆ ಹೇಗೆ ನಡೆಯುತ್ತದೆ ತೋರಿಸಿ ಎಂದರು. ನಾನು ಹುರುಪಿನಿಂದ ತೋರಿಸಿದೆ. ಪರದೆಯ ಮೇಲೆ ಹೆಸರುಗಳು ಸರಸರನೆ ಇಳಿದವು: ಘೌಫಮ್ಮ, ಙೈರಪ್ಪ, ಛೋಢಾಂಬ, ಝೂಞಯ್ಯ. ನನ್ನ ಪ್ರೋಗ್ರಾಮು ಯಾವ ಅಕ್ಷರ ಸಿಕ್ಕರೂ ಬಾಚಿಕೊಂಡು ಬಾಲಕ್ಕೆ ಒಂದು ಅಮ್ಮನನ್ನೋ ಅಪ್ಪನನ್ನೋ ಅಂಟಿಸುತ್ತಿತ್ತು. ಕಾರ್ಯದರ್ಶಿಯವರು ಬಗ್ಗಿ ನೋಡಿ, "ಇವ್ರೆಲ್ಲ ನಮ್ಮ ಸಮಾಜದ ಮೆಂಬರ್ಸಾ?" ಎಂದು ಗಾಬರಿಯಿಂದ ಕೇಳಿದರು. ಈರಣ್ಣ ಅತ್ತ ತಿರುಗಿ ನಗು ತಡೆದುಕೊಳ್ಳುತ್ತಾ, "ಙೈರಪ್ಪ ಅಂದ್ರ ಯಾವೂರಾಂವ್ರೀ ಸರ? ಕರಿಯೂದರ ಹೆಂಗ್ರೀ ಅವನ್ನ?" ಎಂದ. ಅವರು ಹೋದ ಮೇಲೆ ಶಿವಶಂಕರಪ್ಪನವರು ನನ್ನನ್ನು ಕರೆದು, "ನೋಡ್ರಿ, ಸ್ವಲ್ಪ ಮನುಷ್ಯರು ಬಾಯಲ್ಲಿ ಅನ್ನೋ ಅಂಥ ಶಬ್ದ ಬರೋ ಹಂಗೆ ಮಾಡ್ರಿ" ಎಂದರು.

ಅವರ ಮೇಜಿನ ಮೇಲೆ ದಪ್ಪನೆಯ ಕನ್ನಡ ನಿಘಂಟೊಂದಿತ್ತು. ಅದನ್ನು ಕಂಡು ನನಗೆ ಒಂದು ಉಪಾಯ ಹೊಳೆಯಿತು. ನಿಘಂಟಿನ ಪದಗಳು ಹೇಗೂ ಸಾಲಾಗಿ ನಿಂತೇ ಇರುತ್ತವೆ. ಪುಟಪುಟದಿಂದ ಒಂದಷ್ಟು ಪದ ಅದೇ ಸಾಲಿನಲ್ಲಿ ಹಾಕಿಟ್ಟುಕೊಂಡರೆ ಆಯಿತು. ಅದರಿಂದ ಮನಸ್ಸಿಗೆ ಬಂದ ಕಡೆ ಬಂದಷ್ಟು ಆರಿಸಿಕೊಂಡರೂ ಕ್ರಮ ಕೆಡುವುದಿಲ್ಲ. ಸಾರಿನಿಂದ ಬೇಳೆ ತೆಗೆದರೂ ಸಾರು ಸಾರೇ ತಾನೆ. ಬರೆದು ಮುಗಿಸಿ, ಓಡಿಸಿ, ಕಾಫಿಗೆ ಎದ್ದೆ. ಲೋಟ ಹಿಡಿದು ವಾಪಸ್ ಬಂದರೆ ಪರದೆ ಕೆಂಪು. ಒಂದಲ್ಲ, ಎರಡಲ್ಲ, ಓಕುಳಿ ಎರಚಿದ ಹಾಗೆ. ಎಲ್ಲ ಕೆಂಪೂ ಎರಡೇ ಅಕ್ಷರದ ಸುತ್ತ ಇತ್ತು, ಕ್ಷ ಮತ್ತು ಜ್ಞ. ನಿಘಂಟಿನಲ್ಲಿ ಕ್ಷಮೆ ಕಕಾರದ ಜೊತೆ, ಜ್ಞಾನ ಜಕಾರದ ಜೊತೆ. ಈರಣ್ಣನ ಪ್ರೋಗ್ರಾಮಿನಲ್ಲಿ ಎರಡೂ ಹಕಾರ ಳಕಾರ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ.

"ಈರಣ್ಣ, ಏನಪ್ಪಾ ಇದು?" ಎಂದೆ. ಅವನು ಎದೆಯುಬ್ಬಿಸಿ, "ಸಾಲ್ಯಾಗ ಕಲತದ್ದು ಹಂಗ ಐತಲ್ರೀ ಸರ, ಯ ರ ಲ ವ ಶ ಷ ಸ ಹ ಳ ಕ್ಷ ಜ್ಞ! ಅಲ್ಲಿ ನೋಡ್ರಿ" ಎಂದು ಗೋಡೆ ತೋರಿಸಿದ. ಗೋಡೆಯ ಮೇಲೆ ಅರಸನ ಚಿತ್ರ, ಆನೆಯ ಚಿತ್ರ ಇರುವ ಮಕ್ಕಳ ಅಕ್ಷರಮಾಲೆಯ ಚಾರ್ಟು. ಅವನು ತಂದು ಅಂಟಿಸಿದ್ದು. ಕೊನೆಯ ಎರಡು ಮನೆಯಲ್ಲಿ ಕ್ಷತ್ರಿಯ ಮತ್ತು ಜ್ಞಾನಿ ಆರಾಮಾಗಿ ಕೂತಿದ್ದರು. ಹಾಡು ಹೇಳುವಾಗ ಕೊನೆಗೆ ಬರುವ ಒತ್ತಕ್ಷರಗಳನ್ನು ನಿಘಂಟು ಅವುಗಳ ಮೂಲ ಮನೆಗೆ ಸೇರಿಸುತ್ತದೆ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಇಬ್ಬರಿಗೂ ಅಂದೆ, ಯಾಕೆಂದರೆ ನನ್ನ ಹಳೆಯ ಪ್ರೋಗ್ರಾಮಿಗೆ ಕ್ರಮ ಹೇಳಿಕೊಡುವಾಗ ನಾನೂ ಕತ್ತೆತ್ತಿ ಅದೇ ಚಾರ್ಟನ್ನೇ ನೋಡಿದ್ದೆ! ಪರೀಕ್ಷೆ ಬರೆಯುವವನೂ ಪೇಪರ್ ತಿದ್ದುವವನೂ ಒಂದೇ ಗೈಡು ಓದಿದ್ದರೆ ನೂರಕ್ಕೆ ನೂರು ಬರದೆ ಏನಾಗುತ್ತದೆ? ನನ್ನ ಊಟಿಯ ಹಸಿರಿನ ಬಂಡವಾಳ ಇಷ್ಟೇ.

ಆಗ ನೋಟೀಸ್ ಬೋರ್ಡು ನೆನಪಾಯಿತು. ಸಮಾಜದ ನಿಯಮದಲ್ಲಿ ಅಭ್ಯರ್ಥಿಗಳ ಹೆಸರು ನಿಘಂಟಿನ ಅಕಾರಾದಿಯಲ್ಲಿರಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಹಾಗೆ ಜೋಡಿಸಿದರೆ ಜ್ಞಾನಾಂಬ ಮೊದಲು, ಲಲಿತಮ್ಮ ನಡುವೆ, ಹೇಮಾವತಿ ಕೊನೆಗೆ. ಮಜ್ಜಿಗೆಯ ಜಾಗಕ್ಕೆ ಹೇಮಾವತಿ! ನಮ್ಮತ್ತೆ ಇಷ್ಟು ದಿನ ಬಿಸಿಲಲ್ಲಿ ತಿರುಗಿ ಕೇಳಿದ ಓಟೆಲ್ಲ ಎದುರಾಳಿಯ ಹೆಸರಿಗೆ ಬೀಳುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅತ್ತೆ ಗೆದ್ದರೂ ಗೆಲ್ಲಬಹುದು. ಹೇಳಿದರೆ ಅತ್ತೆಯ ಕುರ್ಚಿಯನ್ನು ಅಳಿಯನೇ ಎಳೆದ ಹಾಗೆ. ಶಿವಶಂಕರಪ್ಪನವರ ಮುಂದೆ ನಿಂತು ಎಲ್ಲ ಒದರಿದೆ. ಅವರು ಈ ಸಲ ನಗಲಿಲ್ಲ. "ಮತಪತ್ರ ಇನ್ನೂ ಪ್ರಿಂಟಿಗೆ ಹೋಗಿಲ್ಲ. ನೀವು ಸರಿ ಅಂದ್ರೆ ಸರಿ, ತಪ್ಪು ಅಂದ್ರೆ ತಪ್ಪು. ಟೆಸ್ಟರ್ ಅಂತ ಇಟ್ಕೊಂಡಿರೋದು ಅದಕ್ಕೇ ಅಲ್ಲೇನ್ರೀ?" ಎಂದರು. ನಾನು ತಪ್ಪು ಎಂದೆ. ತಿದ್ದಿದ ಪಟ್ಟಿ ಸಂಜೆಯೊಳಗೆ ನೋಟೀಸ್ ಬೋರ್ಡಿಗೆ ಏರುವುದೆಂದು ತೀರ್ಮಾನವಾಯಿತು.

ಬೋರ್ಡು ನೋಡಿ ತಿಳಿಯುವುದಕ್ಕಿಂತ ನಾನೇ ಹೇಳುವುದು ವಾಸಿ ಎಂದು ಸ್ಕೂಟರ್ ಹತ್ತಿ ಅತ್ತೆಯ ಮನೆಗೆ ಹೋದೆ. ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹೇಳುತ್ತಾ ಹೋದಂತೆ ಕಾಯಿ ಬಿಡಿಸುವ ಕೈ ನಿಧಾನವಾಯಿತು, ಆಮೇಲೆ ನಿಂತೇಹೋಯಿತು.

"ನಮ್ಮ ಮೇಷ್ಟ್ರು ಜ್ಞ ಕೊನೇಗೇ ಹೇಳಿಕೊಟ್ಟಿದ್ದು."

"ಅದು ಬಾಯಿಪಾಠಕ್ಕೆ ಅತ್ತೆ. ನಿಘಂಟಲ್ಲಿ ಜಕಾರದ ಜೊತೆ ಬರತ್ತೆ."

"ಹುಟ್ಟಿದಾಗಿಂದ ನಾನು ಹಾಜರಿಲಿ ಕೊನೆಯೋಳೇ. ಈಗ ಇದ್ದಕ್ಕಿದ್ದ ಹಾಗೆ ಮೊದಲು ಬಾ ಅಂದ್ರೆ ಹೆಂಗೆ ಬರಲಿ?" ಎಂದು ಬಿಡಿಸಿದ ಕಾಳನ್ನು ಮೊರದ ಒಂದು ಬದಿಗೆ ತಳ್ಳಿದರು. ಆಮೇಲೆ, "ಅಳಿಯಂದ್ರೇ, ನಿಮ್ಮ ಜಾಣತನ ಎಲ್ಲಾ ಒಪ್ಕೋತೀನಿ. ಒಂದು ವಾರ ತಡವಾಗಿ ಕಂಡುಹಿಡಿಯೋಕೆ ಆಗ್ತಿರಲಿಲ್ವಾ?" ಎಂದರು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ನನ್ನ ಕಸುಬಿನ ಮೇಲೇ ಬೇಜಾರು ಬಂತು. ಅಷ್ಟರಲ್ಲಿ ಅವರೇ ಮೊರ ಪಕ್ಕಕ್ಕಿಟ್ಟು ಎದ್ದು, ಸೆರಗು ಸಿಕ್ಕಿಸಿಕೊಂಡು, "ಎಲೆಗೆ ಮೊದಲು ಏನು ಬಡಿಸ್ತಾರೆ?" ಎಂದು ಕೇಳಿದರು.

"ಉಪ್ಪು" ಎಂದೆ.

"ಸರಿ ಹಾಗಾದ್ರೆ. ಎಲೇಲಿ ಮೊದಲು ಉಪ್ಪು, ಮತಪತ್ರದಲ್ಲಿ ಮೊದಲು ಜ್ಞಾನಾಂಬ! ಸ್ಕೂಟರ್ ತಿರುಗಿಸಿ."

ಹೀಗೆ ನಾನು ಚುನಾವಣಾ ಪ್ರಚಾರಕ್ಕೆ ಇಳಿದೆ. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ, ಸಂಜೆ ವಾಪಸ್ ಬಂದ ಮೇಲೆ, ಹಿಂದೆ ಅತ್ತೆಯವರನ್ನು ಕೂರಿಸಿಕೊಂಡು ಬೀದಿಬೀದಿ ಸುತ್ತಿದೆ. ಸದಸ್ಯೆಯರಲ್ಲಿ ಕೆಲವರು ಸೈಟು ಕೊಂಡು ಹೇರೋಹಳ್ಳಿ ಕಡೆ ಮನೆ ಕಟ್ಟಿಸಿಕೊಂಡಿದ್ದರು. ಆ ರಸ್ತೆಯಲ್ಲಿ ಗುಂಡಿಗಳ ನಡುವೆ ರಸ್ತೆ ಹುಡುಕಿಕೊಂಡು ಹೋಗಬೇಕು. ಪ್ರತಿ ಗುಂಡಿಗೂ ಅತ್ತೆ ಹಿಂದಿನಿಂದ, "ನಿಧಾನ, ನಿಧಾನ! ಅಭ್ಯರ್ಥಿ ಇದೀನಿ ಹಿಂದೆ" ಎನ್ನುತ್ತಿದ್ದರು. ಅಲ್ಲೊಬ್ಬ ಆಂಟಿ ಬಾಗಿಲು ತೆಗೆದವರೇ ನಮ್ಮನ್ನು ಕಂಡು, "ಮಜ್ಜಿಗೆ, ಗೊತ್ತು ಗೊತ್ತು!" ಎಂದರು. ಅತ್ತೆ, "ಅಲ್ಲಾರೀ, ಈಗ ಉಪ್ಪು" ಎಂದರು. "ಉಪ್ಪು ಬೇಕಿತ್ತಾ? ಬನ್ನಿ ಒಳಗೆ, ಕೊಡ್ತೀನಿ" ಎಂದು ಅವರು ಒಳಗೆ ಹೋಗಿ ಉಪ್ಪಿನ ಡಬ್ಬಿಯನ್ನೇ ತಂದರು. ಕೂತು ಸಮಾಧಾನವಾಗಿ ತಿಳಿಸಿ ಹೇಳುವಷ್ಟರಲ್ಲಿ ಕಾಫಿಯಾಯಿತು, ಕೋಡುಬಳೆಯಾಯಿತು. "ನಮ್ಮ ಅಳಿಯಂದ್ರೇ ತಪ್ಪು ಕಂಡುಹಿಡಿದಿದ್ದು. ನನಗೆ ನಷ್ಟ ಆಗತ್ತೆ ಅಂತ ಗೊತ್ತಿದ್ದೂ ಹೇಳಿದ್ರು" ಎಂದು ಅತ್ತೆ ಅಲ್ಲಿ ಹೇಳಿದಾಗ ಆ ದನಿಯಲ್ಲಿದ್ದದ್ದು ದೂರಲ್ಲ, ಹೆಮ್ಮೆ. ಎರಡನೆಯ ಕೋಡುಬಳೆ ನನಗೆ ಬಹಳ ರುಚಿಯಾಗಿತ್ತು.

ಚುನಾವಣೆಯ ದಿನ ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನಾನು ಹೊರಗೆ ಹೊಂಗೆ ಮರದ ಕೆಳಗೆ ಸ್ಕೂಟರಿಗೆ ಒರಗಿ ನಿಂತಿದ್ದೆ. ಎಣಿಕೆ ಮುಗಿಯುವ ಹೊತ್ತಿಗೆ ಒಳಗಿಂದ ಗುಜುಗುಜು, ಆಮೇಲೆ ಗಲಾಟೆ, ಆಮೇಲೆ ನಗು. ಗಿರಿಜಾ ಓಡಿ ಬಂದು ವರದಿ ಕೊಟ್ಟಳು: ಅಮ್ಮನಿಗೂ ಹೇಮಾವತಿ ಆಂಟಿಗೂ ಸಮಸಮ! ನನ್ನ ಪ್ರೋಗ್ರಾಮಿನಲ್ಲಿ ಇಬ್ಬರು ಸಮ ಎಂದು ಬಂದರೆ ಕರುಣೆಯೇ ಇಲ್ಲ, ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ. ಸಮಾಜದಲ್ಲಿ ಚೀಟಿ ಎತ್ತುವ ನಿಯಮವಿತ್ತಂತೆ. ಆದರೆ ಹಿರಿಯರೊಬ್ಬರು ಎದ್ದು, "ಚೀಟಿ ಗೀಟಿ ಏನೂ ಬೇಡ. ಇಬ್ಬರೂ ನಮ್ಮೋರೇ. ಅರ್ಧ ಅವಧಿ ಒಬ್ರು, ಇನ್ನರ್ಧ ಇನ್ನೊಬ್ರು" ಎಂದರಂತೆ. ಎಲ್ಲರೂ ಚಪ್ಪಾಳೆ. ಹಾಗಾದರೆ ಮೊದಲು ಯಾರು? ಮತ್ತೆ ಗುಜುಗುಜು. ಅದಕ್ಕೆ ಹೇಮಾವತಿಯವರೇ, "ಅಕಾರಾದಿ ಇದೆಯಲ್ಲ, ಜ್ಞಾನಾಂಬನೇ ಮೊದಲು ಕೂತ್ಕೊಳ್ಲಿ" ಎಂದುಬಿಟ್ಟರಂತೆ. ಕಿಟಕಿಯಿಂದ ಇಣುಕಿದೆ. ನಮ್ಮತ್ತೆ ವೇದಿಕೆಯ ಮೇಲಿನ ಕುರ್ಚಿಯ ಅಂಚಿನಲ್ಲಿ, ಬಸ್ಸು ಬಂದರೆ ಈಗಲೇ ಏಳುವವರ ಹಾಗೆ ಕೂತು, ಹಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಮುಚ್ಚುಮರೆಯೇನು, ಬಂತು.

ಮನೆಗೆ ಹೋಗುವ ದಾರಿಯಲ್ಲಿ ವಿಜಯನಗರದ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ಕೂತಿದ್ದ ಗಿರಿಜಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ರೀ, ಒಂದು ವಿಷಯ. ಬೈಬಾರ್ದು."

"ಏನು?"

"ಅಮ್ಮ ಮೂರು ಹೊತ್ತೂ ಮಜ್ಜಿಗೆ ಮಜ್ಜಿಗೆ ಅಂತ ತಲೆ ತಿಂದಿದ್ರಲ್ಲ... ಮುದ್ರೆ ತಗೊಂಡ ತಕ್ಷಣ ಕೈ ಸೀದಾ ಕೆಳಗೇ ಹೋಗಿಬಿಡ್ತು. ಒತ್ತಿದ ಮೇಲೆ ಗೊತ್ತಾಯ್ತು." ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಬಾರಿಸಿದರೂ ನಾನು ಕದಲಲಿಲ್ಲವಂತೆ.

ಮುಂದಿನ ಭಾನುವಾರ ಅತ್ತೆಯ ಮನೆಯಲ್ಲಿ ಹೋಳಿಗೆ ಊಟ. ಅಧ್ಯಕ್ಷರೇ ನಿಂತು ಉಸ್ತುವಾರಿ ಮಾಡುತ್ತಿದ್ದರು. ಗಿರಿಜಾ ಬಡಿಸುತ್ತಿದ್ದಳು. ನಾನು ಹೊಟ್ಟೆ ಬಿರಿಯ ತಿಂದು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದಿದ್ದೆ. ಆಗ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಳಿಯಂದ್ರೇ, ಎಲ್ಲಾ ಸರಿಹೋಯ್ತು, ಆದ್ರೂ ನನಗೊಂದು ಅನುಮಾನ. ನನ್ನ ಲೆಕ್ಕದ ಪ್ರಕಾರ ಸಮಸಮ ಬರಬಾರದಿತ್ತು. ಎಲ್ಲೋ ಒಂದು ಓಟು ನಮ್ಮೋರದ್ದೇ ತಪ್ಪಿ ಬಿದ್ದಿದೆ. ನೀವು ತಪ್ಪು ಹುಡುಕೋರಲ್ವಾ, ಸ್ವಲ್ಪ ಹುಡುಕಿ ಹೇಳಿ ನೋಡೋಣ" ಎಂದರು. ಗಿರಿಜಾ ನನ್ನ ಅಡ್ಡ ಹಿಡಿದ ಕೈಯನ್ನು ಸರಿಸಿ, ಇನ್ನೊಂದು ಹೋಳಿಗೆ ಹಾಕಿ, ಅದು ಮುಳುಗುವಷ್ಟು ತುಪ್ಪ ಸುರಿದಳು.

"ಎಲ್ಲಾ ಚೆಕ್ ಮಾಡಿದೆ ಅತ್ತೆ" ಎಂದೆ, "ಏನೂ ತಪ್ಪು ಸಿಗಲಿಲ್ಲ." ತಪ್ಪು ಹೇಳುವುದಕ್ಕೆ ತಿಂಗಳು ತಿಂಗಳೂ ಸಂಬಳ ತೆಗೆದುಕೊಳ್ಳುವ ಮನುಷ್ಯ ಒಂದೇ ಹೋಳಿಗೆಗೆ ಬಾಯಿ ಮುಚ್ಚಿಕೊಳ್ಳುತ್ತಾನೆ ಎನ್ನುವುದು ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ.